ಪರಿಹಾರದ ಹಣ ವಕೀಲರ ಬಳಿಯೇ ಉಳಿದರೆ

ಪ್ರಶ್ನೆ: ನಂತೂರಿನ ಹತ್ತಿರ ಬೈಕಿಗೆ ಲಾರಿ ಬಡಿದು ನನ್ನ ಯಜಮಾನರು ತೀರಿಕೊಂಡರು. ಲೋಕ ಅದಾಲತ್‌ನಲ್ಲಿ ವಿಮಾ ಕಂಪನಿಯೊಂದಿಗೆ ರಾಜಿಯಾಗಿ ತಿಂಗಳುಗಳೇ ಕಳೆದಿವೆ. ಹಣ ಕಟ್ಟಿ ಆಗಿದೆ ಎಂದು ಕಂಪನಿಯವರು ಹೇಳುತ್ತಾರೆ. ವಕೀಲರನ್ನು ಕೇಳಿದರೆ "ಆಗ್ತದೆ, ಮುಂದಿನ ವಾರ ಬನ್ನಿ" ಎನ್ನುತ್ತಾರೆ. ಕಷ್ಟಕಾಲದಲ್ಲಿ ಕೇಸು ನಡೆಸಿಕೊಟ್ಟವರು, ಗಟ್ಟಿಯಾಗಿ ಕೇಳಲು ಸಂಕೋಚ. ಏನು ಮಾಡಲಿ?
— ಹೆಸರು ಬೇಡ, ಮಂಗಳೂರು

ಉತ್ತರ: ನಿಮ್ಮ ಸಂಕೋಚ ಅರ್ಥವಾಗುತ್ತದೆ. ಆದರೆ ಅದು ನಿಮ್ಮ ಹಣ, ಲೆಕ್ಕ ಕೇಳುವುದರಲ್ಲಿ ಅಗೌರವ ಏನೂ ಇಲ್ಲ. ಕಕ್ಷಿದಾರರ ಹಣಕ್ಕೆ ವಕೀಲರು ಲೆಕ್ಕ ಇಡಬೇಕು, ಅವರ ಪರವಾಗಿ ಹಣ ಬಂದರೆ ಆದಷ್ಟು ಬೇಗ ತಿಳಿಸಬೇಕು, ಕೇಳಿದಾಗ ಲೆಕ್ಕದ ಪ್ರತಿ ಕೊಡಬೇಕು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಆ ಹಣವನ್ನು ತಾನು ಪಡೆದ ಸಾಲವೆಂದು ಬದಲಾಯಿಸಿಕೊಳ್ಳುವಂತೆಯೂ ಇಲ್ಲ.

ಗಟ್ಟಿಯಾಗಿ ಕೇಳುವ ಮೊದಲು ಹಣ ನಿಜವಾಗಿ ಎಲ್ಲಿದೆ ಎಂದು ಪತ್ತೆ ಮಾಡಿ. ಅರ್ಧ ಜಗಳ ಇಲ್ಲಿಯೇ ಬಗೆಹರಿಯುತ್ತದೆ. "ಕಟ್ಟಿದ್ದೇವೆ" ಎಂದು ಕಂಪನಿ ಹೇಳಿದರೆ ಹೆಚ್ಚಾಗಿ ಅದರ ಅರ್ಥ ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ಠೇವಣಿ ಇಟ್ಟಿದ್ದೇವೆ ಎಂದು. ಅಲ್ಲಿಂದ ಹಣ ಬಿಡಿಸಿಕೊಳ್ಳಲು ಅರ್ಜಿ ಹಾಕಬೇಕು, ಆದೇಶವಾಗಬೇಕು. ಒಂದು ಭಾಗವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಲು ನ್ಯಾಯಾಧೀಶರು ಹೇಳಿರಲೂಬಹುದು. ಕೇರಳ ಸಾರಿಗೆ ನಿಗಮ ಮತ್ತು ಸುಸಮ್ಮ ಥಾಮಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿತ್ತು. ವಿಧವೆಯರು, ಮಕ್ಕಳು, ಓದು ಬರಹ ಬಾರದವರ ಹಣ ಕಂಡವರ ಪಾಲಾಗಬಾರದು ಎಂಬುದು ಅದರ ಕಾಳಜಿ. ಹಾಗಾಗಿದ್ದರೆ ತಡವಾದದ್ದು ವಕೀಲರಿಂದಲ್ಲ. ತೀರ್ಪಿನಿಂದ ಬಂದ ಪರಿಹಾರವಾದರೆ ಕಂಪನಿ ಹೈಕೋರ್ಟಿಗೆ ಮೇಲ್ಮನವಿ ಹೋಗಿ ತಡೆಯಾಜ್ಞೆ ತಂದಿರಲೂ ಸಾಧ್ಯ. ನಿಮ್ಮದು ಹಾಗಲ್ಲ. ಲೋಕ ಅದಾಲತ್‌ನ ರಾಜಿ ಆದೇಶದ ಮೇಲೆ ಮೇಲ್ಮನವಿಯೇ ಇಲ್ಲ, 1987ರ ಕಾನೂನು ಸೇವೆಗಳ ಕಾಯ್ದೆ ಅದನ್ನು ಅಂತಿಮ ಎನ್ನುತ್ತದೆ. ಯಾರಾದರೂ "ಅಪೀಲು ಬಾಕಿ ಇದೆ" ಎಂದರೆ ನಂಬಬೇಡಿ.

ಪತ್ತೆಗೆ ಯಾರ ಮರ್ಜಿಯೂ ಬೇಡ. ನಿಮ್ಮ ಕೇಸಿನ ಹದಿನಾರು ಅಕ್ಷರಗಳ ಸಿಎನ್ಆರ್ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ದಿನಾಂಕ, ಆದೇಶ ಕಾಣುತ್ತದೆ. ಅದಕ್ಕಿಂತ ಭದ್ರವಾದದ್ದು ಮಂಗಳೂರಿನ ನ್ಯಾಯಾಲಯಕ್ಕೆ ನೀವೇ ಹೋಗಿ ರಾಜಿ ಆದೇಶ, ಠೇವಣಿ ಮತ್ತು ಹಣ ಬಿಡುಗಡೆಯ ದಾಖಲೆಗಳ ದೃಢೀಕೃತ ನಕಲಿಗೆ ಅರ್ಜಿ ಹಾಕುವುದು. ಕಕ್ಷಿದಾರರಾದ ನಿಮಗೆ ಆ ನಕಲು ಪಡೆಯುವ ಹಕ್ಕಿದೆ. ಚೆಕ್ ಯಾರ ಹೆಸರಿಗೆ, ಯಾವ ದಿನ ಹೋಯಿತು ಎಂಬುದು ಅದರಲ್ಲಿ ಸಿಗುತ್ತದೆ. ನಿಮ್ಮ ಬ್ಯಾಂಕ್ ಪಾಸ್‌ಬುಕ್ಕನ್ನೂ ತುಂಬಿಸಿ ನೋಡಿ. ಖಾಲಿ ಚೆಕ್ ಅಥವಾ ಹಣ ತೆಗೆಯುವ ಚೀಟಿಗೆ ಸಹಿ ಹಾಕಿ ಯಾರ ಕೈಗಾದರೂ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಬರೆದು ತಡೆಹಿಡಿಸಿ. ಕೇಸು ಕೊಡುವಾಗ ವಕಾಲತ್ತಿನ ಜೊತೆಗೆ ಇಂಥ ಕಾಗದಗಳಿಗೂ ಸಹಿ ಮಾಡಿಕೊಡುವುದು ನನಗೆ ತೀರಾ ಅಪಾಯವಾಗಿ ಕಾಣುತ್ತದೆ.

ಹಣ ವಕೀಲರ ಕೈ ಸೇರಿದೆ ಎಂದು ದಾಖಲೆಯಲ್ಲಿ ಕಂಡರೆ ಆಮೇಲೆ ಫೋನು ಬೇಡ, ಕಾಗದ ಬರೆಯಿರಿ. ಬೈಗುಳವಿಲ್ಲದೆ, ಬೆದರಿಕೆಯಿಲ್ಲದೆ ಇಷ್ಟೇ: "ಇಂಥ ಕೇಸಿನಲ್ಲಿ ನನ್ನ ಪರವಾಗಿ ತಾವು ಪಡೆದ ಮೊತ್ತವೆಷ್ಟು, ಪಡೆದ ದಿನಾಂಕ ಯಾವುದು, ಫೀಸು ಮತ್ತು ಖರ್ಚೆಂದು ಹಿಡಿದದ್ದೆಷ್ಟು ಎಂಬ ಲೆಕ್ಕವನ್ನೂ ಉಳಿದ ಹಣವನ್ನೂ ಹದಿನೈದು ದಿನದೊಳಗೆ ನನ್ನ ಈ ಖಾತೆಗೆ ಕೊಡಬೇಕಾಗಿ ವಿನಂತಿ." ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಎಷ್ಟೋ ಸಲ ಈ ಒಂದು ಕಾಗದಕ್ಕೇ ಹಣ ಬರುತ್ತದೆ. ಬಾರದಿದ್ದರೂ ಮುಂದಿನ ಪ್ರತಿ ಹೆಜ್ಜೆಗೂ ಇದೇ ಆಧಾರ. ಹಣಕ್ಕಾಗಿ ಸಿವಿಲ್ ದಾವೆ ಹೂಡಲು ಕಾಲಮಿತಿ ಮೂರು ವರ್ಷ, ಲೆಕ್ಕ ಕೇಳಿ ನಿರಾಕರಿಸಿದ ದಿನ ಆ ಎಣಿಕೆಗೆ ಮುಖ್ಯ.

ಬೆಂಗಳೂರಿನ ಒಂದು ಪ್ರಕರಣ ಇಲ್ಲಿ ನೆನಪಾಗುತ್ತದೆ. ಜಾನ್ ಡಿಸೋಜ ಮತ್ತು ಎಡ್ವರ್ಡ್ ಅನಿ ನಡುವಿನದು. ಅಲ್ಲಿ ಹಣವಲ್ಲ, ವಕೀಲರಿಗೆ ಒಪ್ಪಿಸಿದ್ದ ಒಂದು ವಿಲ್. ಪತ್ರ ಬರೆದು ಕೇಳಿದರೂ ವಕೀಲರು ಹಿಂತಿರುಗಿಸಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಒಂದು ವರ್ಷ ವಕೀಲಿ ಮಾಡದಂತೆ ಅಮಾನತಾಯಿತು, 1993ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಉತ್ತರ ಬಾರದ ಪತ್ರವೂ ಸಾಕ್ಷ್ಯವೇ. ಹಣದ ವಿಷಯದಲ್ಲಂತೂ ನ್ಯಾಯಾಲಯ ಇನ್ನೂ ಕಠಿಣ. ಉತ್ತರ ಪ್ರದೇಶದ ಬೈಜು ಎಂಬವರ ಭೂಸ್ವಾಧೀನ ಪರಿಹಾರ 8,118 ರೂಪಾಯಿಯನ್ನು ಅವರ ವಕೀಲರು 1987ರಲ್ಲಿ ತೆಗೆದುಕೊಂಡು ಕೊಡಲಿಲ್ಲ. ವಕೀಲರ ಪರಿಷತ್ತು ಮೂರು ವರ್ಷ ಅಮಾನತು ಮಾಡಿತ್ತು. ಅದು ಸಾಲದೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಅವರ ಹೆಸರನ್ನೇ ವಕೀಲರ ಪಟ್ಟಿಯಿಂದ ಅಳಿಸಿತು.

ಫೀಸಿನ ಮಾತು. ಮೊದಲೇ ಒಪ್ಪಿದ ಫೀಸನ್ನು ಕೇಸು ಮುಗಿದ ಮೇಲೆ ಆ ಹಣದಿಂದ ಹಿಡಿದುಕೊಳ್ಳಲು ವಕೀಲರಿಗೆ ಅವಕಾಶವಿದೆ, ಅದನ್ನು ಕೊಡಲೇಬೇಕು. ಆದರೆ "ಬಂದದ್ದರಲ್ಲಿ ನೂರಕ್ಕೆ ಇಷ್ಟು" ಎಂಬ ಪಾಲುಗಾರಿಕೆ ನಿಯಮಬಾಹಿರ. ತೆಲಂಗಾಣದ ಬಿ. ಸುನೀತಾ ಅವರದ್ದೂ ನಿಮ್ಮ ಹಾಗೆಯೇ ಪತಿಯನ್ನು ಅಪಘಾತದಲ್ಲಿ ಕಳೆದುಕೊಂಡ ಕಥೆ. ಶೇಕಡಾ ಲೆಕ್ಕದಲ್ಲಿ ಫೀಸು ಕೇಳಿದ ವಕೀಲರು ಅವರಿಂದ ಮೂರು ಲಕ್ಷದ ಚೆಕ್ಕಿಗೆ ಸಹಿ ಪಡೆದು, ಅದು ನಗದಾಗದಾಗ ಅವರ ಮೇಲೆಯೇ ಕೇಸು ಹಾಕಿದ್ದರು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ರದ್ದು ಮಾಡಿತು.

ಕಾಗದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ದೂರು ಕೊಡಿ. ಒಂದು ವರ್ಷದೊಳಗೆ ತೀರ್ಮಾನವಾಗದಿದ್ದರೆ ಅದು ದೆಹಲಿಯ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ಒಂದು ಮಾತು ಮಾತ್ರ ಸ್ಪಷ್ಟವಿರಲಿ, ಪರಿಷತ್ತು ಇರುವುದು ಶಿಸ್ತಿಗೆ, ನಿಮ್ಮ ಹಣ ವಸೂಲಿಗಲ್ಲ. ವಸೂಲಿಗೆ ಸಿವಿಲ್ ದಾವೆಯೇ ದಾರಿ. ಹಣ ನುಂಗಿದ್ದಾರೆ ಎನ್ನಲು ದಾಖಲೆ ಇದ್ದರೆ ಪೊಲೀಸರಿಗೂ ದೂರು ಕೊಡಬಹುದು, ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮು ನಂಬಿಕೆದ್ರೋಹವನ್ನು ಅಪರಾಧ ಎನ್ನುತ್ತದೆ. ಗ್ರಾಹಕ ನ್ಯಾಯಾಲಯದ ಬಾಗಿಲು ಮಾತ್ರ ಈಗ ಮುಚ್ಚಿದೆ. ಡಿ.ಕೆ. ಗಾಂಧಿ ಎಂಬವರು ಎದುರಾಳಿ ಕೊಟ್ಟ ಹಣವನ್ನು ತನ್ನ ವಕೀಲರು ಫೀಸಿಗಾಗಿ ತಡೆಹಿಡಿದರೆಂದು ಹೂಡಿದ್ದ ದೂರಿನಲ್ಲೇ, ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿತು. ಬಡ ಕಕ್ಷಿದಾರರಿಗೆ ಇದ್ದ ಒಂದು ಸುಲಭದ ದಾರಿ ಹೋಯಿತೆಂದು ನನಗೆ ಬೇಸರವಿದೆ.

ಇನ್ನೊಬ್ಬ ವಕೀಲರ ಮೇಲೆ ಕೇಸು ಹಿಡಿಯಲು ಯಾರು ಬರುತ್ತಾರೆ, ಅವರ ಫೀಸು ಎಲ್ಲಿಂದ ತರಲಿ ಎಂಬ ಭಯ ನಿಮಗಿದ್ದೀತು. ನ್ಯಾಯಾಲಯದ ಆವರಣದಲ್ಲೇ ಇರುವ ದಕ್ಷಿಣ ಕನ್ನಡ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯಾದ ನಿಮಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಹಳೆಯ ವಕೀಲರು ಫೀಸು ಬಾಕಿಯೆಂದು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ, 2000ದ ಆರ್.ಡಿ. ಸಕ್ಸೇನಾ ತೀರ್ಪು ಅದನ್ನು ಇತ್ಯರ್ಥ ಮಾಡಿದೆ. ಹೋಗುವಾಗ ರಾಜಿ ಆದೇಶದ ನಕಲು, ಪಾಸ್‌ಬುಕ್, ಆಧಾರ್, ನೀವು ಬರೆದ ಕಾಗದದ ಪ್ರತಿ ಮತ್ತು ಅಂಚೆ ರಸೀದಿ ಜೊತೆಗಿರಲಿ. ಹಣ ಇನ್ನೂ ನ್ಯಾಯಮಂಡಳಿಯಲ್ಲೇ ಇದ್ದರೆ, ಅದು ಯಾರ ಕೈಗೂ ಹೋಗದೆ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುವಂತೆ ಆದೇಶ ಕೋರಿ ಎಂದು ಆ ವಕೀಲರಿಗೆ ಹೇಳಿ. ಪರಿಹಾರವನ್ನು ಹಾಗೆ ನೇರವಾಗಿ ಖಾತೆಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ನಿರ್ದೇಶನ ಕೊಟ್ಟಿದೆ.