ಪೊಟರೆಯ ಜೇನಿಗೆ ಒಂದು ಸಂಜೆ ಕೊಡಿ

ಮರ ಕಡಿಸುವವರಿರಲಿ, ಹಳೆ ಮನೆ ಕೆಡಹುವವರಿರಲಿ, ಪೊಟರೆಯಲ್ಲೋ ಗೋಡೆಯಲ್ಲೋ ತುಡುವೆ ಜೇನು ಕಂಡರೆ ಅದಕ್ಕೆ ಒಂದು ಸಂಜೆಯ ಬಿಡುವು ಕೊಡಿ. ನಾನು ಕೇಳುವುದು ಇಷ್ಟೇ. ಈ ಸಲ ಶಿವರಾತ್ರಿಯ ಆಸುಪಾಸಿನಲ್ಲಿ ನಮ್ಮ ಶಿರಸಿ ಕಡೆಯ ರಸ್ತೆಬದಿಯ ಹಲಸಿನ ಮರವೊಂದರಲ್ಲಿ ಆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ರಸ್ತೆ ಅಗಲ ಮಾಡಲು ಮರಗಳಿಗೆ ನಂಬರು ಬಿದ್ದಾಗಲೇ ಕಚೇರಿಗೆ ಹೋಗಿ ಹೇಳಿದ್ದೆ. ಆ ಮರವನ್ನು ಕೊನೆಗೆ ಇಡಿ, ಹೊತ್ತು ಮುಳುಗುವಾಗ ಅದರ ಪೊಟರೆಯ ಜೇನು ಕುಟುಂಬ ತೆಗೆಯುತ್ತೇನೆ, ಮರುದಿನ ಕಡಿಯಿರಿ ಎಂದಿದ್ದೆ. ಸಂಜೆಯೇ ಏಕೆಂದರೆ, ಹಗಲಿನಲ್ಲಿ ಮೇವಿಗೆ ಹೋದ ನೊಣಗಳು ಅಷ್ಟು ಹೊತ್ತಿಗೆ ಗೂಡು ಸೇರಿರುತ್ತವೆ. ಎಂಜಿನಿಯರರು ಆಗಲಿ ಎಂದರು. ಅವರ ಎದುರಿಗೇ ಗುತ್ತಿಗೆದಾರನೂ ತಲೆಯಾಡಿಸಿದ. ಗೊತ್ತಾದ ದಿನ ನಾನು ಪೆಟ್ಟಿಗೆಗೆ ಮೇಣ ಸವರುತ್ತ ಕೂತಿದ್ದಾಗ, ನಡುಹಗಲಿನಲ್ಲೇ ಗರಗಸದ ಸದ್ದು ಕೇಳಿತು.

ಪೆಟ್ಟಿಗೆ, ಹೊಗೆತಿದಿ, ಬಾಳೆನಾರು ಹೊತ್ತು ಓಡಿದೆ. ನಾನು ಮುಟ್ಟುವಷ್ಟರಲ್ಲಿ ಮರ ನೆಲಕ್ಕೆ ಬಿದ್ದು, ಪೊಟರೆ ಉದ್ದಕ್ಕೂ ಸೀಳಿತ್ತು. ಎರಿಗಳು ಒಂದರ ಮೇಲೊಂದು ಕುಸಿದು, ಮೇಲಿನ ತುಪ್ಪವೆಲ್ಲ ಕೆಳಗಿನ ಮರಿ ಎರಿಯ ಮೇಲೆ ಸುರಿದಿತ್ತು. ಅದರಲ್ಲಿ ಮುಳುಗಿದ ನೊಣಗಳು ಕಾಲು ಎಳೆಯಲಾರದೆ ಒದ್ದಾಡುತ್ತಿದ್ದವು. ಮೇವಿನಿಂದ ಮರಳಿದವು ಮರ ನಿಂತಿದ್ದ ಎತ್ತರದಲ್ಲಿ, ಬರಿಯ ಗಾಳಿಯಲ್ಲಿ, ಬಾಗಿಲು ಹುಡುಕುತ್ತ ಸುತ್ತುತ್ತಿದ್ದವು. ಕಾಲಿನಲ್ಲಿ ಪರಾಗದ ಉಂಡೆ ಹಾಗೆಯೇ ಇತ್ತು.

ಕೆಲಸದ ಹುಡುಗನೊಬ್ಬನಿಗೆ ಕುತ್ತಿಗೆ, ಕಿವಿಯೆಲ್ಲ ಕಚ್ಚಿದ್ದವು. ಅವನು ಕೈ ಬೀಸಿದಷ್ಟೂ ಹೆಚ್ಚು ಬರುತ್ತಿದ್ದವು. ಒಂದು ಮುಳ್ಳು ಚುಚ್ಚಿದ ಜಾಗದಿಂದ ಏಳುವ ವಾಸನೆ ಉಳಿದವನ್ನು ಅಲ್ಲಿಗೇ ಕರೆಯುತ್ತದೆ. ಅವನನ್ನು ಹೊಗೆಯ ಮರೆಗೆ ಎಳೆದು, ಉಗುರಿನಲ್ಲಿ ಮುಳ್ಳು ಕೆರೆದು ತೆಗೆದು, ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದೆ. ತಿರುಗಿ ನೋಡಿದರೆ ಗುತ್ತಿಗೆದಾರ ಕೋಲಿಗೆ ಸೀಮೆಎಣ್ಣೆಯ ಬಟ್ಟೆ ಸುತ್ತಿಸುತ್ತಿದ್ದ. ಬೆಂಕಿ ಇಟ್ಟರೆ ಐದು ನಿಮಿಷದ ಕೆಲಸ ಎಂದ. ದಿಮ್ಮಿಗೆ ಅಡ್ಡ ಕೂತೆ. ಮೊದಲು ನನಗೆ ಹಚ್ಚು ಎಂದೆ. ಎಂಜಿನಿಯರರಿಗೆ ಫೋನು ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎಂದರು. ಅವರು ಕೊಟ್ಟ ಮಾತು ನಡೆದಿದ್ದರೆ ಆ ಹುಡುಗನೂ ಆಸ್ಪತ್ರೆ ಸೇರುತ್ತಿರಲಿಲ್ಲ.

ತುಪ್ಪದ ಎರಿ ಬೇರೆ ಮಾಡಿದೆ. ಒಡೆಯದೆ ಉಳಿದ ಮರಿ ಎರಿಗಳನ್ನು ಚೌಕಟ್ಟಿನ ಅಳತೆಗೆ ಕೊಯ್ದು, ಪೊಟರೆಯಲ್ಲಿ ಮೇಲಿದ್ದ ಅಂಚನ್ನೇ ಮೇಲಿಟ್ಟು, ಬಾಳೆನಾರಿನಲ್ಲಿ ಕಟ್ಟಿದೆ. ಆದರೆ ರಾಣಿ ಇಲ್ಲ. ರಾಣಿ ಇಲ್ಲದೆ ಕುಟುಂಬ ಹೊಸ ಪೆಟ್ಟಿಗೆಯಲ್ಲಿ ನಿಲ್ಲುವುದು ಕಷ್ಟ. ಇರುವೆ ಸಾಲು ಆಗಲೇ ದಿಮ್ಮಿ ಹತ್ತುತ್ತಿತ್ತು. ತೊಗಟೆಯ ಸಂದು ಸಂದು ಇಣುಕಿದೆ. ಕಣ್ಣಿಗೆ ಬೆವರು ಇಳಿಯುತ್ತಿತ್ತು, ಒರೆಸುವಂತಿಲ್ಲ. ಕೊನೆಗೆ ಕತ್ತಲಿನ ಒಂದು ಬಿರುಕಿನಲ್ಲಿ ಮುಷ್ಟಿಯಷ್ಟು ನೊಣ ಗುಂಪುಗಟ್ಟಿದ್ದವು. ಅವುಗಳ ನಡುವೆ ಉದ್ದ ಹೊಟ್ಟೆಯ, ಕಪ್ಪುಮಿಶ್ರಿತ ಕಂದು ಮೈಯ ರಾಣಿ. ಪಂಜರಕ್ಕೆ ಸೇರಿಸಿ ಚೌಕಟ್ಟುಗಳ ನಡುವೆ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಕೆಲವು ನೊಣಗಳು ಪೆಟ್ಟಿಗೆಯ ಬಾಗಿಲಲ್ಲಿ ಹೊಟ್ಟೆ ಎತ್ತಿ ರೆಕ್ಕೆ ಬೀಸತೊಡಗಿದವು. ಮನೆ ಇಲ್ಲಿದೆ ಬನ್ನಿ ಎಂದು ತಮ್ಮವರನ್ನು ಕರೆಯುವ ರೀತಿ ಅದು. ಗಾಳಿಯಲ್ಲಿ ಸುತ್ತುತ್ತಿದ್ದವು ತಂಡ ತಂಡವಾಗಿ ಇಳಿದು, ಮದುವೆ ಮನೆಯ ದಿಬ್ಬಣದ ಹಾಗೆ ಒಳಗೆ ನಡೆದವು.

ಕತ್ತಲಾದ ಮೇಲೆ ಬಾಗಿಲು ಮುಚ್ಚಿ, ಮೂರು ಕಿಲೋಮೀಟರಿಗೂ ಆಚೆ ಇರುವ ಭಾವನ ತೋಟಕ್ಕೆ ಒಯ್ದೆ. ಹತ್ತಿರದಲ್ಲೇ ಇಟ್ಟರೆ ಮೇವಿನ ನೊಣಗಳು ಹಳೆಯ ಜಾಗಕ್ಕೇ ಹಿಂತಿರುಗಿ ಸಾಯುತ್ತವೆ. ಬಾಗಿಲಿಗೆ ರಾಣಿ ತಡೆ ಹಾಕಿ, ರಾಣಿಯನ್ನು ಪಂಜರದಿಂದ ಬಿಟ್ಟೆ. ಆ ತಡೆಯಲ್ಲಿ ಕೆಲಸಗಾರ ನೊಣ ನುಸುಳುತ್ತದೆ, ರಾಣಿ ನುಸುಳಲಾರದು. ಮರುದಿನ ಕುಟುಂಬವೆಲ್ಲ ಭೋರೆಂದು ಎದ್ದು ಕಾಫಿ ಗಿಡದ ಕೊಂಬೆಗೆ ಜೋತುಬಿದ್ದರೂ, ರಾಣಿ ಬಾರದ್ದರಿಂದ ತಿರುಗಿ ಒಳಸೇರಿತು.

ಆಮೇಲಿನ ಕೇಡು ಭಾವನದು. ಹಗಲು ಸಕ್ಕರೆ ಪಾಕ ಇಡಬೇಡಿ, ಚೆಲ್ಲಬೇಡಿ ಎಂದು ಕೈ ಹಿಡಿದು ಹೇಳಿದ್ದೆ. ಅವರು ಬೆಳಿಗ್ಗೆ ಹತ್ತಕ್ಕೇ ಮುಚ್ಚಳ ತೆಗೆದು ಪಾಕ ಇಟ್ಟರು, ಅರ್ಧ ಹೊರಗೆ ಚೆಲ್ಲಿದರು. ಅವರದೇ ಪೆಟ್ಟಿಗೆಗಳ ನೊಣಗಳು ವಾಸನೆ ಹಿಡಿದು ಬಂದು ಬಡಕಲು ಕುಟುಂಬವನ್ನು ಲೂಟಿ ಮಾಡಿದವು. ಬಾಗಿಲ ಮುಂದೆ ಸತ್ತ ನೊಣಗಳ ರಾಶಿ. ಅಲ್ಲಿಂದಲೂ ಪೆಟ್ಟಿಗೆ ಎತ್ತಿ ಬೇರೆ ಊರಿಗೆ ಸಾಗಿಸಿದೆ. ಈಗ ಮೂರು ಎರಿಯಷ್ಟು ನೊಣ ಉಳಿದಿದೆ, ರಾಣಿ ಮೊಟ್ಟೆ ಇಡುತ್ತಿದೆ. ನಾನು ಬಿಟ್ಟುಕೊಡಲಿಲ್ಲ ಎಂಬ ಹೆಮ್ಮೆ ನನಗಿದೆ.

ಒಂದು ಗೂಡಿಗಾಗಿ ಇಷ್ಟೆಲ್ಲ ಏಕೆ ಎಂದು ಹಲವರು ಕೇಳಿದರು. 1991-92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು, ತುಡುವೆ ಜೇನಿನ ಮರಿಗಳು ಎರಿಯಲ್ಲೇ ಕೊಳೆತವು. ಮಲೆನಾಡು, ಕರಾವಳಿಯ ಅಂಗಳಗಳಲ್ಲಿ ಪೆಟ್ಟಿಗೆಗಳು ಖಾಲಿ ಬಿದ್ದವು. ಮತ್ತೆ ಜೇನು ಸಾಕಲು ಹೊರಟವರಿಗೆ ಆಸರೆಯಾದದ್ದು ರೋಗ ತಡೆದು ಉಳಿದ ಕುಟುಂಬಗಳು. ಪೊಟರೆ, ಹುತ್ತಗಳಲ್ಲಿ ತಾವಾಗಿ ಬದುಕುವ ಜೇನು ನಮಗೆ ಬೀಜದ ಭತ್ತ.

ಹೊಸಬರಿಗೆ ನಾಲ್ಕು ಮಾತು. ತುಪ್ಪದ ಆಸೆಗೆ ಗೂಡು ತೆಗೆಯಬೇಡಿ. ಕುಟುಂಬ ಹೊಸ ಪೆಟ್ಟಿಗೆಯಲ್ಲಿ ನಿಲ್ಲುವುದು ಮರಿಯ ಮಮತೆಗೆ. ತುಪ್ಪ ಸೋರುವ ಎರಿಯನ್ನು ಪೆಟ್ಟಿಗೆಗೆ ಹಾಕಲೇಬೇಡಿ. ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲಿಡಿ, ಪಾಕವನ್ನು ಮುಸ್ಸಂಜೆಗೇ ಕೊಡಿ. ನೊಣಗಳು ಪರಾಗ ತಂದು ಹೊಸ ಎರಿ ಕಟ್ಟುವವರೆಗೆ ರಾಣಿ ತಡೆ ಇರಲಿ. ಹೆಜ್ಜೇನಿನ ತಂಟೆಗೆ ಹೋಗಬೇಡಿ. ಅದು ಪೆಟ್ಟಿಗೆಯಲ್ಲಿ ನಿಲ್ಲುವ ಜಾತಿಯಲ್ಲ.

ಇನ್ನು ಮರಗಳಿಗೆ ನಂಬರು ಹಾಕುವ ಅಧಿಕಾರಿಗಳಿಗೆ: ಬುಡದಲ್ಲಿ ಬಣ್ಣ ಬಳಿಯುವಾಗ ಒಮ್ಮೆ ತಲೆ ಎತ್ತಿ ಪೊಟರೆ ನೋಡಿ. ನೊಣ ಆಡುತ್ತಿದ್ದರೆ ಊರಿನ ಜೇನು ಸಾಕುವವರಿಗೆ ಹೇಳಿ ಕಳಿಸಿ, ಆ ಮರ ಕಡಿಯುವ ದಿನವನ್ನು ಕಾಗದದಲ್ಲಿ ಬರೆದುಕೊಡಿ. ಬಾಯಿಮಾತನ್ನು ನಾನಂತೂ ಇನ್ನು ನಂಬುವುದಿಲ್ಲ.