ಎಲುಬು ಮುರಿದರೆ ಏನು ಮಾಡಬೇಕು?

ಹೊಲದಲ್ಲಿ ಬಿದ್ದು ಕೈಗೆ ಪೆಟ್ಟಾಯಿತು. ಕೈ ಬಾತಿತು, ಸೊಟ್ಟಾಯಿತು. ಆಗ ಎಲ್ಲಿಗೆ ಹೋಗುತ್ತೀರಿ? ನಮ್ಮ ಹಳ್ಳಿಗಳಲ್ಲಿ ಹಲವರು ಎಲುಬು ಕಟ್ಟುವವರ ಹತ್ತಿರ ಹೋಗುತ್ತಾರೆ. “ಅವರ ಕೈಗುಣ ಛಲೋ ಐತಿ” ಅಂತಾರೆ. ಆದರೆ ಒಳಗೆ ಎಲುಬು ಹೇಗೆ ಮುರಿದಿದೆ? ಅದನ್ನು ತಿಳಿಯಲು ಎಕ್ಸ್‌ರೇ ಬೇಕು.

ಕೈಗುಣ ಬೇಡವೇ? ಬೇಕು. ಜೊತೆಗೆ ಕಲಿಕೆಯೂ ಬೇಕು. ಅಮೇರಿಕದ ಆಸ್ಟಿಯೋಪತಿ ಡಾಕ್ಟರರನ್ನು ನೋಡಿರಿ. 1874ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬವರು ಅಲ್ಲಿ ಕೈಯಿಂದ ಉಪಚಾರ ಮಾಡುವ ಈ ಪದ್ಧತಿ ಆರಂಭಿಸಿದರು. ಇಂದು ಈ ಡಾಕ್ಟರರು 4 ವರ್ಷ ವೈದ್ಯಕೀಯ ಕಲಿಯುತ್ತಾರೆ. ಆಮೇಲೆ ದವಾಖಾನೆಯಲ್ಲಿ ತರಬೇತಿ ಪಡೆಯುತ್ತಾರೆ. ಎಕ್ಸ್‌ರೇ ನೋಡುತ್ತಾರೆ, ಔಷಧ ಕೊಡುತ್ತಾರೆ, ಆಪರೇಶನ್ನೂ ಮಾಡುತ್ತಾರೆ.

ನೀವು ಇಷ್ಟು ನೆನಪಿಡಿರಿ. ಪೆಟ್ಟಾದಲ್ಲಿ ತಿಕ್ಕಬೇಡಿರಿ, ಎಳೆಯಬೇಡಿರಿ. ಕೈ ಅಲುಗದಂತೆ ಕಟ್ಟಿಗೆಯ ಪಟ್ಟಿ ಇಟ್ಟು ಬಟ್ಟೆ ಕಟ್ಟಿರಿ. ಬಿಗಿಯಾಗಿ ಕಟ್ಟಬೇಡಿರಿ. 108ಕ್ಕೆ ಫೋನ್ ಮಾಡಿರಿ. ಜತ್ತದಲ್ಲಿ ಸರಕಾರಿ ದವಾಖಾನೆ ಇದೆ. ಮಿರಜದಲ್ಲಿ ದೊಡ್ಡ ಸರಕಾರಿ ದವಾಖಾನೆ ಇದೆ.

ಮೊದಲೇ ಕಟ್ಟು ಕಟ್ಟಿಸಿದ್ದೀರಾ? ಬೆರಳು ನೋಡಿರಿ. ತಣ್ಣಗಾಗಿವೆಯೇ? ನೀಲಿಯಾಗಿವೆಯೇ? ಜೋಮು ಹಿಡಿದಿವೆಯೇ? ಹಾಗಿದ್ದರೆ ರಕ್ತ ಸರಿಯಾಗಿ ಹರಿಯುತ್ತಿಲ್ಲ. ಕೂಡಲೇ ಕಟ್ಟು ಸಡಿಲಿಸಿರಿ, ದವಾಖಾನೆಗೆ ಹೋಗಿರಿ. ತಡ ಮಾಡಿದರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು.

ಉತ್ತರ ಹೇಳಿರಿ:
1. ಎಕ್ಸ್‌ರೇ ಏಕೆ ಬೇಕು?
2. ಕಟ್ಟು ಬಿಗಿಯಾಗಿದೆ ಎಂದು ಹೇಗೆ ತಿಳಿಯುತ್ತದೆ?