ಮಾಜಿ ಸೈನಿಕರ ಬದುಕನ್ನು ಯಾರನ್ನು ಕೇಳಿ ಬರೆಯಬೇಕು?

ಸಿಕಂದರಾಬಾದಿನ ಸೈನಿಕಪುರಿ, ತಿರುಮಲಗಿರಿ, ಬೊಲ್ಲಾರಂ ಕಡೆಯವರಿಗೆ ಮಾಜಿ ಸೈನಿಕರ ಶ್ರದ್ಧಾಂಜಲಿ ಸಭೆಗಳು ಹೊಸತಲ್ಲ. ಇಂಥ ಸಭೆಗಳಲ್ಲಿ ಓದುವ ಬರಹಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಸೇನೆಗೆ ಸೇರಿದ ವರ್ಷ, ಹೋರಾಡಿದ ಯುದ್ಧ, ಬಂದ ಪದಕ, ಕೊನೆಗೆ ಪತ್ನಿ, ಮಕ್ಕಳು, ಮೊಮ್ಮಕ್ಕಳನ್ನು ಅಗಲಿದ್ದಾರೆ ಎಂಬ ಒಂದು ಸಾಲು. ಇವನ್ನು ಓದುತ್ತ, ಕೇಳುತ್ತ ನಾನು ಕಲಿತದ್ದು ಇಷ್ಟು: ಆ ಕೊನೆಯ ಸಾಲಿನಲ್ಲಿ ಬರುವವರೇ ಆ ಬದುಕಿನ ಮುಖ್ಯ ಸಾಕ್ಷಿಗಳು. ಅವರನ್ನು ಕೇಳದೆ ಬರೆದರೆ ಕುಟುಂಬಸ್ಥನ ಚಿತ್ರ ಮಾತ್ರವಲ್ಲ, ಸೈನಿಕನ ಚಿತ್ರವೂ ಅರೆಬರೆಯಾಗುತ್ತದೆ.

ಏರ್ ಚೀಫ್ ಮಾರ್ಷಲ್ ಇದ್ರಿಸ್ ಹಸನ್ ಲತೀಫ್ ಅವರನ್ನೇ ನೋಡೋಣ. 1923ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅವರು 2018ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದರು. 1978ರಿಂದ 1981ರವರೆಗೆ ವಾಯುಪಡೆಯ ಮುಖ್ಯಸ್ಥರು. ಆಮೇಲೆ ಮಹಾರಾಷ್ಟ್ರದ ರಾಜ್ಯಪಾಲರು, ಫ್ರಾನ್ಸಿನಲ್ಲಿ ರಾಯಭಾರಿ. ದೇಶ ವಿಭಜನೆಯಾದಾಗ ಭಾರತದಲ್ಲೇ ಉಳಿದರು ಎಂದು ಎಲ್ಲ ಬರಹಗಳೂ ಹೇಳುತ್ತವೆ. ಆದರೆ ಈ ಮಾತಿನ ತೂಕ ತಿಳಿಯಬೇಕಾದರೆ ಅವರ ಮನೆ ಎಲ್ಲಿತ್ತು ಎಂದು ನೋಡಬೇಕು. 1947ರ ಆಗಸ್ಟ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿರಲೇ ಇಲ್ಲ. ನಿಜಾಮರ ಸಂಸ್ಥಾನ ಒಕ್ಕೂಟದೊಳಕ್ಕೆ ಬಂದದ್ದು 1948ರ ಸೆಪ್ಟೆಂಬರ್‌ನ ಸೇನಾ ಕಾರ್ಯಾಚರಣೆಯ ನಂತರ. ಜೊತೆಯಲ್ಲಿದ್ದ ಅಸ್ಘರ್ ಖಾನ್, ನೂರ್ ಖಾನ್ ಪಾಕಿಸ್ತಾನಕ್ಕೆ ಹೋಗಿ ಮುಂದೆ ಅಲ್ಲಿನ ವಾಯುಪಡೆಯ ಮುಖ್ಯಸ್ಥರೇ ಆದರು. ಒಂದು ಕಡೆ ಗೆಳೆಯರು, ಇನ್ನೊಂದು ಕಡೆ ಇನ್ನೂ ಯಾವ ಕಡೆಗೂ ವಾಲದ ತವರೂರು. ನಡುವೆ ಇಪ್ಪತ್ತನಾಲ್ಕರ ಹರೆಯದ ಅಧಿಕಾರಿ. ಈ ಇಕ್ಕಟ್ಟು ಸೇವಾ ದಾಖಲೆಯಲ್ಲಿ ಸಿಗುವುದಿಲ್ಲ, ಮನೆಯ ಮಾತುಕತೆಯಲ್ಲಿ ಸಿಗುತ್ತದೆ. ಲತೀಫ್ ಅವರ ಜೀವನಚರಿತ್ರೆಯನ್ನು ಬರೆದವರು ಅವರ ಪತ್ನಿ, ಲೇಖಕಿ ಬಿಲ್ಕೀಸ್ ಲತೀಫ್ ಎಂಬುದು ಈ ಕಾರಣಕ್ಕೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬಿಲ್ಕೀಸ್ ಗಂಡನ ಹುದ್ದೆಯ ನೆರಳಿನಲ್ಲಿ ಕುಳಿತವರೂ ಅಲ್ಲ. ಮುಂಬೈಯ ಧಾರಾವಿಯಲ್ಲಿ ಕೆಲಸ ಮಾಡಿದರು, ಅದರ ಬಗ್ಗೆ ಪುಸ್ತಕ ಬರೆದರು. ಸ್ವಂತ ಕಣ್ಣಿರುವ ಸಾಕ್ಷಿ ಅವರು.

ಮನೆಯವರು ಬರೆದರೆ ಹೊಗಳಿಕೆಯೇ ತುಂಬುತ್ತದೆ ಎಂಬ ಆಕ್ಷೇಪ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಹೊಗಳಿಕೆಯನ್ನು ದಾಖಲೆಯ ಪಕ್ಕ ಇಟ್ಟು ಸೋಸಬಹುದು. ಯಾರೂ ಹೇಳದೆ ಹೋದ ಸಂಗತಿಯನ್ನು ಯಾವ ದಾಖಲೆಯಿಂದಲೂ ಹುಟ್ಟಿಸಲಾಗದು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಮಗ, ಪೈಲಟ್ ಕೆ.ಸಿ. ಕಾರ್ಯಪ್ಪ 1965ರ ಯುದ್ಧದಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಹಳೆಯ ಪರಿಚಯದ ಮೇಲೆ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡುಗಡೆಗೆ ಮುಂದಾದಾಗ, ಸೆರೆಯಲ್ಲಿರುವವರೆಲ್ಲರೂ ತನ್ನ ಮಕ್ಕಳೇ ಎಂದು ತಂದೆ ಆ ವಿನಾಯಿತಿಯನ್ನು ಬೇಡವೆಂದರು. ಆ ಉತ್ತರ ದೇಶಕ್ಕೆಲ್ಲ ಗೊತ್ತು. ಅಂಥ ಉತ್ತರ ಕೊಡುವ ತಂದೆಯ ಜೊತೆ ಬಾಳುವುದು ಎಂದರೇನು ಎಂಬುದು ಮಗನಿಗೆ ಗೊತ್ತು. ತಂದೆಯ ಜೀವನಚರಿತ್ರೆಯನ್ನು ಆ ಮಗನೇ ಬರೆದದ್ದು ಕನ್ನಡಿಗರ ಪುಣ್ಯ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಇವರೆಲ್ಲ ದೊಡ್ಡವರು, ಹವಾಲ್ದಾರರಾಗಿ ಪೆನ್ಷನ್ ಬಂದವರ ಬಗ್ಗೆ ಬರೆಯಲು ಏನಿದೆ? ಇದೆ. ಸೇನೆಯ ಎಒಸಿ (ಆರ್ಮಿ ಆರ್ಡ್ನೆನ್ಸ್ ಕೋರ್), ಇಎಂಇ (ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ಎರಡರ ರೆಕಾರ್ಡ್ ಆಫೀಸುಗಳೂ ಸಿಕಂದರಾಬಾದಿನಲ್ಲೇ ಇವೆ. ಜವಾನನ ಮದುವೆ, ಪ್ರತಿ ಮಗುವಿನ ಹೆಸರು, ಹುಟ್ಟಿದ ತಾರೀಖು 'ಪಾರ್ಟ್ ಟೂ ಆರ್ಡರ್' ಎಂಬ ಅಧಿಕೃತ ಆದೇಶದ ಮೂಲಕ ಅಲ್ಲಿ ದಾಖಲಾಗುತ್ತವೆ. ಅದರಲ್ಲಿ ಒಂದಕ್ಷರ ತಪ್ಪಿದರೂ ಫ್ಯಾಮಿಲಿ ಪೆನ್ಷನ್‌ಗೆ ಅಲೆದಾಟ. ಸಂಸಾರವನ್ನು ಸೇನೆಯೇ ಸೇವೆಯಿಂದ ಬೇರೆ ಮಾಡಿಲ್ಲ, ಬೇರೆ ಮಾಡಿದ್ದು ನಮ್ಮ ಶ್ರದ್ಧಾಂಜಲಿಗಳು. ಡಿಸ್ಚಾರ್ಜ್ ಬುಕ್ ಬಿಡಿಸಿಟ್ಟು ಮಕ್ಕಳು ಹುಟ್ಟಿದ ತಾರೀಖಿನ ಪಕ್ಕ ಆಗಿನ ಪೋಸ್ಟಿಂಗ್ ಬರೆದು ನೋಡಿದರೆ, ಆ ವರ್ಷ ಮನೆಯನ್ನು ಯಾರು ನಡೆಸಿದರು, ರಜೆ ಸಿಕ್ಕಿತೇ, ಹಣ ಹೇಗೆ ಬರುತ್ತಿತ್ತು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಉತ್ತರ ಗೊತ್ತಿರುವವರು ಆ ಸೈನಿಕನ ಹೆಂಡತಿ. ಅವರಿಗೂ ವಯಸ್ಸಾಗಿರುತ್ತದೆ, ಆದ್ದರಿಂದ ಗಂಡ ಹೆಂಡತಿ ಇಬ್ಬರೂ ಇರುವಾಗಲೇ, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುವಂತಿರುವಾಗಲೇ, ಕೂರಿಸಿಕೊಂಡು ಕೇಳಿ ಬರೆದುಕೊಳ್ಳಬೇಕು.